ದುಂಡಪ್ಪನ ಅವ್ವನ ಹೆಸರು

೧೯೫೬ರಲ್ಲಿ ಇಚಲಕರಂಜಿಯ ಶಹಾಪುರ ಭಾಗದ ಮತದಾರರ ಯಾದಿ ಬರೆಯುವ ಕೆಲಸ ಕುಂಥುನಾಥ ಮಾಸ್ತರ ಪಾಲಿಗೆ ಬಂತು. ಶಾಲೆ ಬಿಟ್ಟಮೇಲೆ ನೇಕಾರರ ಓಣಿಗಳಲ್ಲಿ ಮನೆಮನೆ ತಿರುಗಬೇಕು. ಹೆಂಗಸರು ಬಾಗಿಲ ಮರೆಯಿಂದಲೇ, "ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರಕೋರಿ" ಅನ್ನುತ್ತಿದ್ದರು. ಪರಗಂಡಸಿನ ಮುಂದೆ ಹೆಸರು ಹೇಳುವ ರೂಢಿ ಇರಲಿಲ್ಲ. ಸ್ವಂತ ಹೆಸರಿಲ್ಲದೆ ಯಾದಿಗೆ ಸೇರಿಸುವಂತೆಯೂ ಇರಲಿಲ್ಲ.

ನೇಕಾರ ದುಂಡಪ್ಪನ ಮನೆಯಲ್ಲಿ ಆ ಹೊತ್ತಿಗೆ ಅವನ ಮುದಿ ತಾಯಿ ಒಬ್ಬಳೇ ಇದ್ದಳು. "ದುಂಡಪ್ಪನ ಅವ್ವ ಅಂದ್ರ ಇಡೀ ಓಣಿಗೆ ಗೊತ್ತೈತ್ರಿ" ಅಂದಳು. ಮಾಸ್ತರು ಎರಡು ಸಲ ಕೇಳಿದರು. ಮಳೆ ಬರುವಂತಿತ್ತು. ಇನ್ನೊಮ್ಮೆ ಬಂದರಾಯಿತೆಂದು ಸಾಲು ಖಾಲಿ ಬಿಟ್ಟು ಹೊರಟರು. ಮತ್ತೆ ಹೋಗಲಿಲ್ಲ.

ಮರುವರ್ಷ ಮತದಾನದ ದಿನ ಯಾದಿ ಹಿಡಿದು ಕೂತವರೂ ಅವರೇ. ಮುದುಕಿ ಇಳಕಲ್ ಸೀರೆ ಉಟ್ಟು, ಎರಡು ತಾಸು ಬಿಸಿಲಲ್ಲಿ ನಿಂತು ಒಳಗೆ ಬಂದಳು. ಮಾಸ್ತರು ಹುಡುಕಿದಂತೆ ಮಾಡಿದರು.

"ನೀವ ಬಂದಿದ್ರಲ್ಲಾ ಮನೀಗೆ," ಅಂದಳು. "ನನ್ನನ್ನ ಕಣ್ಣಾರೆ ನೋಡೀರಿ."

ಯಾದಿಯಲ್ಲಿ ಹೆಸರಿಲ್ಲವೆಂದು ಮಾಸ್ತರು ತಲೆ ಎತ್ತದೆಯೇ ಆಕೆಯನ್ನು ಹಿಂದಕ್ಕೆ ಕಳಿಸಿದರು. ಅದೇ ವರ್ಷ ಆಷಾಢದಲ್ಲಿ ಆಕೆ ತೀರಿಕೊಂಡಳು.

ಅಂದಿನಿಂದ ತರಗತಿಯಲ್ಲಿ ಹಾಜರಿ ಕೂಗುವಾಗ ಕೊನೆಯ ಹೆಸರಾದ ಮೇಲೂ ಮಾಸ್ತರು ಬಾಗಿಲ ಕಡೆ ನೋಡುತ್ತ ನಿಲ್ಲತೊಡಗಿದರು. ಅಲ್ಲಿ ಯಾರೋ ನಿಂತು ಕಾಯುತ್ತಿರುವಂತೆ ಅನಿಸುತ್ತಿತ್ತು. ಕೊನೆಗೊಮ್ಮೆ ಅಕ್ಕ ಮಾಣಿಕಬಾಯಿಗೆ ಎಲ್ಲ ಹೇಳಿಕೊಂಡರು.

"ಮುಂದಿನ ಸಲ ನಾ ಬರ್ತೇನಿ ತಮ್ಮಾ," ಅಂದಳು ಆಕೆ. "ನೀ ಕಟ್ಟಿ ಮ್ಯಾಲ ಕುಂದರು."

೧೯೬೧ರಲ್ಲಿ ಮತ್ತೆ ಯಾದಿ ಬರೆಯುವಾಗ ಹಾಗೇ ಆಯಿತು. ಮಾಣಿಕಬಾಯಿ ಒಲೆಯ ತನಕ ಹೋಗಿ, ರೊಟ್ಟಿ ಬಡಿಯುವವರ ಪಕ್ಕ ಕೂತು, ಸುಖದುಃಖ ಮಾತಾಡಿ ಹೆಸರು ತಂದಳು. ಮಾಸ್ತರು ಬರೆದರು. ಮರುವರ್ಷ ಮತಗಟ್ಟೆಯಲ್ಲಿ ಹೆಂಗಸರ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ದುಂಡಪ್ಪನ ಹೆಂಡತಿ ಚನ್ನವ್ವನೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡಳು.

ಆದರೂ ಹಾಜರಿಯ ಹೊತ್ತಿಗೆ ತರಗತಿಯ ಬಾಗಿಲಲ್ಲಿ ನಿಂತವಳು ಹೋಗಲಿಲ್ಲ. ಮಾಸ್ತರು ದುಂಡಪ್ಪನನ್ನು ಕೇಳಿದರು, "ನಿಮ್ಮ ಅವ್ವನ ಹೆಸರೇನಿತ್ತಪಾ?"

ಅವನಿಗೂ ಗೊತ್ತಿರಲಿಲ್ಲ. "ಅಪ್ಪ ನಾ ತೊಟ್ಟಿಲದಾಗ ಇದ್ದಾಗ ಹೋದ್ರಿ. ಆಕಿನ್ನ ಹೆಸರು ಹಿಡದು ಕರದವರನ್ನ ನಾ ಕಂಡಿಲ್ಲ. ತವರು ಗಡಹಿಂಗ್ಲಜ."

ಶಾಲೆಯ ಬೇಸಿಗೆ ಸೂಟಿಯಲ್ಲಿ ಮಾಸ್ತರು ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದರು. ಮೂರನೆಯ ದಿನ, ಹಿರಣ್ಯಕೇಶಿ ಹೊಳೆಯ ದಂಡೆಯ ಓಣಿಯಲ್ಲಿ ದುಂಡಪ್ಪನ ಅವ್ವನ ಬಾಲ್ಯದ ಗೆಳತಿ, ಮುದಕವ್ವ ಎಂಬ ಕಣ್ಣು ಮಂಜಾದ ಮುದುಕಿ ಸಿಕ್ಕಳು.

"ಗೌರವ್ವ," ಅಂದಳು ಮುದಕವ್ವ. "ಇಬ್ಬರೂ ಕೂಡೇ ಹೊಳಿಗೆ ನೀರಿಗೆ ಹೋಗತಿದ್ವಿ. ಆರಾಮ ಅದಾಳೇನ್ರಿ?"

ಮಾಸ್ತರು ಕೈಮುಗಿದು ಎದ್ದು ಬಂದರು.

ಊರಿಗೆ ಮರಳಿ ನೇರವಾಗಿ ದುಂಡಪ್ಪ ದುಡಿಯುವ ಪವರಲೂಮ್ ಶೆಡ್ಡಿಗೆ ನಡೆದರು. ಸದ್ದಿನಲ್ಲಿ ಕೇಳಿಸದೆ, ಅವನ ಕಿವಿಗೆ ಬಾಯಿಟ್ಟು ಆ ಹೆಸರನ್ನು ಕೂಗಿ ಹೇಳಬೇಕಾಯಿತು. ದುಂಡಪ್ಪ ಮಗ್ಗ ನಿಲ್ಲಿಸಿದ.

"ಯಾರ ಹೆಸರಲೇ ಅದು?" ಪಕ್ಕದ ಮಗ್ಗದವನು ಕೇಳಿದ.

"ನಮ್ಮವ್ವಂದು," ಅಂದ ದುಂಡಪ್ಪ.