ಎರಡು ಹೆಸರಿನ ಚೀಟಿ

ಬೈಲಹೊಂಗಲದಾಗ ನಮ್ಮದೊಂದು ಆರು ಮಂದಿ ಗೆಳೆಯರ ಗುಂಪು. ಕ್ರಿಕೆಟ್ಟಿನ ದೊಡ್ಡ ಪಂದ್ಯಾವಳಿ ಶುರುವಾಗೂ ಮುಂಚೆ ಚಹಾದಂಗಡ್ಯಾಗ ಕೂತು, ಫೈನಲ್ಲಿಗೆ ಬರೋ ಎರಡು ತಂಡದ ಹೆಸರು ಬರದು ಚೀಟಿ ಮಡಚತೇವಿ. ಅವನ್ನ ಗಟ್ಟಿಯಾಗಿ ಓದಿ ಗೋಡೆಗೆ ಅಂಟಸೂದು ನನ್ನ ಕೆಲಸ. ನನ್ನ ದನಿ ದೊಡ್ಡದು, ಬಾಯಿ ಅದಕಿಂತ ದೊಡ್ಡದು. ಗೆದ್ದವಗ ಉಳಿದವರು ಮಿರ್ಚಿ, ಗಿರಮಿಟ್ ತಿನ್ನಿಸಬೇಕು. ಅಷ್ಟ ಪಣ.

ನಮ್ಮೊಳಗ ಒಬ್ಬ ಟೆಂಪೋ ಡ್ರೈವರ್. ಸಾಲಿಯಿಂದ ನನ್ನ ಜೋಡಿ ಇದ್ದವ. ಈದಿಗೆ ಅವರ ಮನಿ ಸುರಕುಂಬಾ ಪಾಯಸಾ ಕುಡಿದ ಬೆಳದವ ನಾನು. ಆಟ ತಿಳಿಯೂದು ಅಂದ್ರ ಅವಗ. ಯಾವ ಊರಿನ ಪಿಚ್ ಎಂಥಾದು, ಯಾವ ಬೌಲರಿನ ಭುಜ ದಣದೈತಿ, ಎಲ್ಲಾ ತೂಗಿ ಬರೀತಿದ್ದ. ಒಮ್ಮೆ ನಮ್ಮ ದೇಶ ಬಿಟ್ಟು ಬ್ಯಾರೆ ಎರಡು ತಂಡದ ಹೆಸರು ಬರದ. ಆ ಎರಡೂ ತಂಡ ಬಂದವು. ಕರಿನಾಲಿಗಿಯವ ಅಂತ ಬೈಕೋತನ ಅವಗ ಮಿರ್ಚಿ ತಿನ್ನಿಸಿದ್ವಿ.

ಕೆಲವು ವರ್ಷದ ಹಿಂದ ಅವನ ಚೀಟ್ಯಾಗ ಇದ್ದದ್ದು ಪಾಕಿಸ್ತಾನ, ನ್ಯೂಜಿಲೆಂಡ್. ಓದಿ ಸುಮ್ಮನಿರಬೇಕಿತ್ತು ನಾನು. "ಏನಪಾ, ಕರಳು ಆ ಕಡೆ ಎಳಿಯಾಕ ಹತ್ತೇತೇನ?" ಅಂದೆ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಅವನೂ ನಕ್ಕ. ಪಕ್ಕದ ಬಾಕಿನ ಮ್ಯಾಲೆ ಗುರುತಿಲ್ಲದವರು ಇಬ್ಬರು ಕೂತಿದ್ದರು. ಅವರು ನಗಲಿಲ್ಲ. ಗೋಡೆ ಮ್ಯಾಲಿನ ಚೀಟಿ ನೋಡಿ, ಆಮ್ಯಾಲೆ ಅವನ ಮುಖ ನೋಡಿದರು, ಭಾಳೊತ್ತು. ಸವದತ್ತಿ ಟ್ರಿಪ್ ಐತಿ ಅಂತ ಅವ ಅರ್ಧ ಚಹಾ ಬಿಟ್ಟು ಎದ್ದ. ಥೂ, ನನ್ನ ಬಾಯಿಗೆ ಬೆಂಕಿ ಹಾಕ.

ಮುಂದಿನ ಪಂದ್ಯಾವಳಿಗೆ ಎಲ್ಲಾರಕಿಂತ ಮೊದಲ ಬರದವ ಅವ. ಮ್ಯಾಲಿನ ಸಾಲಿನ್ಯಾಗ ನಮ್ಮ ದೇಶ, ದಪ್ಪ ಅಕ್ಷರದಾಗ. ಚೀಟಿ ಮಡಚಲೂ ಇಲ್ಲ. ಅದರ ಮುಂದಿನ ಸಲಾನೂ ಹಂಗ. ಪಿಚ್ಚಿನ ಮಾತಿಲ್ಲ, ಬೌಲರಿನ ಮಾತಿಲ್ಲ. ಎರಡೂ ಸಲ ಸೋತ. "ಈಗ ಹಾದಿಗೆ ಬಂದ ನೋಡ್ರಿ" ಅಂತ ಉಳಿದವರು ಅವನ ಬೆನ್ನು ಚಪ್ಪರಿಸಿದರು. ನನಗ ಭಾಳ ನಾಚಿಕಿ ಆತು. ಒಂದಿನ ಅವನ್ನ ಬಾಜೂಕ ಕರದು, "ಅವತ್ತ ನಂದು ತಪ್ಪಾತೋ" ಅಂದೆ.

"ಎಂಥಾದ್ದು? ನನಗೇನ ನೆನಪಿಲ್ಲ ಬಿಡು ಮಾರಾಯಾ" ಅಂದ.

ಈ ವರ್ಷ ನಾನು ಹಟಕ್ಕ ಬಿದ್ದು ಅವನ ಆ ಹಳೇ ಚೀಟಿನ ಬರದೆ. ಪಾಕಿಸ್ತಾನ, ನ್ಯೂಜಿಲೆಂಡ್. ಗಟ್ಟಿಯಾಗಿ ಓದಿದೆ. ಯಾರರೆ ನನಗೂ ಅದ ಮಾತು ಅನ್ನಲಿ, ಜಗಳಾನ ತೆಗೀತೇನಿ ಅಂತ ಕಾದೆ. "ಭಾರಿ ಗುಂಡಿಗಿ ಐತಪಾ ನಿಂದು!" ಅಂದರು. ನನ್ನ ಕರಳಿನ ಸುದ್ದಿ ಯಾರೂ ತೆಗೀಲಿಲ್ಲ. ಅವ ನನ್ನ ಕಡೆ ನೋಡದನ ಚಹಾ ಕುಡಿದ.

ಮರುದಿನ ಅವನ ಟೆಂಪೋದಾಗ ನೇಸರಗಿಗೆ ಹೊಂಟಿದ್ದೆ. ಗಾಡ್ಯಾಗ ಇದ್ದವರು ನಾವಿಬ್ಬರ. ತಡಕೊಳ್ಳಾಕ ಆಗಲಿಲ್ಲ ನನಗ.

"ಖರೆ ಹೇಳೋ, ಈ ಸಲ ಫೈನಲ್ಲಿಗೆ ಯಾರು ಬರತಾರ? ಚೀಟ್ಯಾಗಿಂದು ಬ್ಯಾಡ, ನಿನ್ನ ಮನಸ್ನ್ಯಾಗಿಂದು ಹೇಳು. ಇಲ್ಲಿ ಯಾರೂ ಇಲ್ಲ."

ಅವ ಹಾದಿ ಮ್ಯಾಲಿನ ಕಣ್ಣು ತೆಗೀಲಿಲ್ಲ.

"ನೀ ಅದೀಯಲ್ಲ" ಅಂದ.