ಕ್ರೇನ್‌ವುಡ್ ಮನೆತನದ ಕಲ್ಲಿಗೆ ಒಂದು ಸಾಲು

ವಿಮಾನಕ್ಕೆ ಸಾವಿರದ ನೂರು ಡಾಲರ್, ಬಾಡಿಗೆ ಕಾರಿಗೆ ನೂರೆಂಬತ್ತು, ಊಟ ಕಾಫಿಗೆ ಎಪ್ಪತ್ತು. ಪರ್ತ್‌ನಿಂದ ಬ್ರಿಸ್ಬೇನ್, ಅಲ್ಲಿಂದ ಅಡಿಲೇಡ್, ಮತ್ತೆ ಮನೆಗೆ. ತಿಂಗಳ ಮುಂಚೆ ಟಿಕೆಟ್ ಕೊಂಡಿದ್ದರೆ ಅರ್ಧಕ್ಕೆ ಸಿಗುತ್ತಿತ್ತು. ನನಗೆ ಅಷ್ಟು ಸಮಯವಿರಲಿಲ್ಲ. ಸಮಾಧಿಯ ಕಲ್ಲಿನ ಒಂದು ಸಾಲಿಗೆ ಇಷ್ಟು ಖರ್ಚೇ ಎಂದು ಹೆಂಡತಿ ಕೇಳಿದಳು. ನೀವೂ ಕೇಳುತ್ತೀರಿ, ಹೇಳುತ್ತೇನೆ.

ನಾನು ಕನಕಪುರದ ಕಡೆಯವನು. ಕ್ವಾರಿಯಲ್ಲಿ ಲಾರಿಗೆ ಕಲ್ಲು ತುಂಬಿಸುತ್ತಿದ್ದವನು ಈಗ ಪರ್ತ್‌ನ ಥಾರ್ನ್ಲಿಯಲ್ಲಿ ಗ್ರಾನೈಟ್ ಅಂಗಡಿ ಇಟ್ಟಿದ್ದೇನೆ. ಅಡುಗೆಕಟ್ಟೆಗೂ ಸಮಾಧಿಗೂ ನಮ್ಮೂರ ಕರಿಕಲ್ಲೇ. ನನ್ನ ಗಿರಾಕಿ ರಾಬರ್ಟ್ ಕ್ರೇನ್‌ವುಡ್ ಎಂಬತ್ತು ದಾಟಿದವರು, ಹೃದಯದ ಕಾಯಿಲೆಯವರು. ಅಡಿಲೇಡ್‌ನಲ್ಲಿ ತಾಯಿಯನ್ನು ಮಣ್ಣು ಮಾಡಿದ ಜಾಗದಲ್ಲೇ ತನ್ನನ್ನೂ ಮಣ್ಣು ಮಾಡಬೇಕು ಎಂಬುದೊಂದೇ ಅವರ ಆಸೆ. ಅಲ್ಲಿ ಸಮಾಧಿಯ ಜಾಗ ಸ್ವಂತದ್ದಲ್ಲ, ಗುತ್ತಿಗೆಯದು. ಆ ಗುತ್ತಿಗೆ ಶುಕ್ರವಾರ ಮುಗಿಯುತ್ತಿತ್ತು. ಮುಂದುವರಿಸಲು ಬ್ರಿಸ್ಬೇನ್‌ನಲ್ಲಿರುವ ತಂಗಿ ರೂತ್ ಅವರ ಸಹಿಯೂ ಬೇಕು. ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳಾಗಿದ್ದವು, ಹಾಗಾಗಿ ಸಹಿ ತರಲು ನಾನೇ ಹೊರಟೆ.

ಜಗಳ ಆಸ್ತಿಯದ್ದಲ್ಲ, ಮೂಲದ್ದು. ಅವರ ಮೂಲಪುರುಷ ಥಾಮಸ್ ಇಂಗ್ಲೆಂಡಿನಿಂದ ಅಮೆರಿಕದ ಮ್ಯಾಸಚೂಸೆಟ್ಸ್ ತೀರಕ್ಕೆ ಹೋದವನು, ಅಲ್ಲಿ ಬಿಳಿಯರ ವಸಾಹತು ಇನ್ನೂ ಬೇರು ಬಿಡುತ್ತಿದ್ದ ಕಾಲದಲ್ಲಿ. ಎಷ್ಟೋ ತಲೆಮಾರು ಕಳೆದ ಮೇಲೆ ಅವನ ವಂಶದವನೊಬ್ಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಬಂದು ಅಡಿಲೇಡ್ ಕಡೆ ಇಳಿದುಕೊಂಡ. ಇಲ್ಲಿಯವರೆಗೆ ಇಬ್ಬರದೂ ಒಂದೇ ಮಾತು. ಆದರೆ ಥಾಮಸ್ ಜಮೀನ್ದಾರರ ಮನೆಯವನು ಎಂದು ರಾಬರ್ಟ್‌ಗೆ ಅವರ ಅಪ್ಪ ಹೇಳಿದ್ದರು. ರೂತ್ ಇತಿಹಾಸದ ಮೇಡಂ ಆಗಿದ್ದವರು. ನಿವೃತ್ತರಾದ ಮೇಲೆ ಅಮೆರಿಕಕ್ಕೇ ಹೋಗಿ ಹುಡುಕಿ, ಅವನು ಹಡಗಿನ ಖರ್ಚಿಗೆ ಬದಲಾಗಿ ಏಳು ವರ್ಷದ ಜೀತಕ್ಕೆ ಬಂದವನು ಎಂದು ತಿಳಿದು ಬಂದರು. ಅದನ್ನು ಫೋನಿನಲ್ಲಿ ಹೇಳಲು ಹೊರಟರೆ ರಾಬರ್ಟ್ ಪೂರ್ತಿ ಕೇಳದೆ ಫೋನ್ ಇಟ್ಟರು. ಈಗ ಹೊಸ ಕಲ್ಲಿನ ಮೊದಲ ಸಾಲಿಗೆ ಅವರು ನನ್ನಿಂದ ‘ಜಮೀನ್ದಾರ ಥಾಮಸ್’ ಎಂದು ಕೆತ್ತಿಸಲು ಹೊರಟಿದ್ದರು.

ಬುಧವಾರ ರಾತ್ರಿ ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿ ಪರಿಚಯದ ನಾಗರಾಜನ ಮನೆಯಲ್ಲಿ ಇಳಿದುಕೊಂಡೆ. ಮೈಸೂರಿನವನು, ಅಲ್ಲಿ ಇಂಜಿನಿಯರ್. ಹೋಟೆಲ್ ದುಡ್ಡು ಉಳಿಯಿತು, ಬಿಸಿ ಉಪ್ಪಿಟ್ಟೂ ಸಿಕ್ಕಿತು.

“ಇವ್ರಲ್ಲೂ ದಾಯಾದಿ ಜಗಳ ಇದ್ಯಾ ಅಂಕಲ್?” ಎಂದು ನಕ್ಕ.

“ನಮ್ಗಿಂತ ಜೋರಾಗಿದೆ ಕಣೋ. ನಮ್ಮಲ್ಲಾದ್ರೆ ಹೆಳವ ಬಂದು ತೀರ್ಮಾನ ಮಾಡ್ತಿದ್ದ.”

ಹೆಳವ ಎಂದರೆ ಸುಗ್ಗಿಯಾದ ಮೇಲೆ ಎತ್ತಿನ ಮೇಲೆ ಬಂದು ಮನೆ ಮುಂದೆ ವಂಶಾವಳಿ ಹಾಡುವವನು ಎಂದು ಅವನ ಮಗಳಿಗೆ ವಿವರಿಸಿದೆ. “ಸೋ, ಫ್ಯಾಮಿಲಿ ಟ್ರೀ ಆ್ಯಪ್, ಬಟ್ ಆನ್ ಎ ಬುಲ್?” ಎಂದಳು. ಹೌದು ಎಂದೆ.

ಬೆಳಿಗ್ಗೆ ಚಳಿಯಿದ್ದರೂ ಒಳ್ಳೆಯ ಬಿಸಿಲು. ರೂತ್ ನನ್ನನ್ನು ಮನೆಯೊಳಗೆ ಕರೆಯಲಿಲ್ಲ. ಫಾರೆಸ್ಟ್ ಲೇಕ್‌ನ ಕೆರೆ ಸುತ್ತ ನಡೆಸಿಕೊಂಡು ಹೋದರು. ನಾನು ವ್ಯಾಪಾರ ಶುರು ಮಾಡಿದೆ: “ಜಮೀನ್ದಾರನೂ ಬೇಡ, ಜೀತವೂ ಬೇಡ. ಬರೀ ಹೆಸರು ಹಾಕೋಣ. ಸಹಿ ಮಾಡ್ಬಿಡಿ.”

“ಅರ್ಧ ಸುಳ್ಳು ಅರ್ಧ ಬೆಲೆಗೆ ಕೊಡ್ತೀಯಾ?” ಎಂದರು. ಇನ್ನೊಂದು ಸುತ್ತು ಹಾಕಿದೆವು. ಕೊನೆಗೆ ಬೆಂಚಿನ ಮೇಲೆ ಕೂತು ಸಹಿ ಮಾಡಿ, ಕಾಗದವನ್ನು ಕೈಯಲ್ಲೇ ಹಿಡಿದುಕೊಂಡರು. “ಥಾಮಸ್‌ಗೆ ಆಗ ಹದಿನಾಲ್ಕು ವರ್ಷ. ಅದನ್ನ ಹೇಳೋಕ್ಕೆ ಮುಂಚೆಯೇ ನಮ್ಮಣ್ಣ ಫೋನ್ ಇಟ್ಟ. ಕಲ್ಲಿನ ಮೇಲೆ ನಿಜ ಬರೆಸಿದ್ರೆ ಇದನ್ನ ಕೊಡು. ಇಲ್ಲ ಅಂದ್ರೆ ಹರಿದುಹಾಕು. ನೀನೇ ನೋಡ್ಕೋ,” ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು.

ಸಹಿ ಜೇಬಿನಲ್ಲಿತ್ತು. ಆ ರಾತ್ರಿಯ ವಿಮಾನದಲ್ಲಿ ಅದನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ.

ಅಡಿಲೇಡ್‌ನಲ್ಲಿ ಜಿಟಿಜಿಟಿ ಮಳೆ, ಕೊರೆಯುವ ಗಾಳಿ. ರಾಬರ್ಟ್ ಹಿಂದಿನ ದಿನವೇ ಪರ್ತ್‌ನಿಂದ ಬಂದಿದ್ದರು. ಶುಕ್ರವಾರ ಮಧ್ಯಾಹ್ನ ಸ್ಮಶಾನದ ಕಚೇರಿಯ ಹೆಂಗಸು, “ನಾಲ್ಕಕ್ಕೆ ಬಾಗಿಲು ಹಾಕ್ತೀವಿ,” ಎಂದಳು. ನಾವಿಬ್ಬರೂ ಸಮಾಧಿಯ ಹತ್ತಿರ ನಿಂತಿದ್ದೆವು.

“ಸಹಿ ಆಯ್ತಾ ಮೇಟ್?”

“ಆಗಿದೆ. ಆದ್ರೆ ಜಮೀನ್ದಾರ ಅಂತ ಕೆತ್ತಿದ್ರೆ ಹರಿದುಹಾಕು ಅಂದಿದ್ದಾರೆ.”

“ಅವಳಿಗೆ ಹೇಗೆ ಗೊತ್ತಾಗತ್ತೆ? ಕೊಡು. ಕಲ್ಲಿನ ವಿಷ್ಯ ಆಮೇಲೆ.”

ಕೊಡಬಹುದಿತ್ತು. ಕಲ್ಲು ಮಾರಾಟವಾಗುತ್ತಿತ್ತು, ಮುದುಕರ ಆಸೆಯೂ ತೀರುತ್ತಿತ್ತು. “ಕೆತ್ತೋನು ನಾನು ರಾಬರ್ಟ್, ನಂಗೆ ಗೊತ್ತಿರತ್ತೆ,” ಎಂದೆ. ಅವರ ಮುಖ ಕೆಂಪಾಯಿತು. “ಹಾಗಾದ್ರೆ ನಾನು ಬೇರೆ ಯಾರ ಪಕ್ಕದಲ್ಲೋ ಮಲಗ್ತೀನಿ ಬಿಡು,” ಎಂದು ಗೇಟಿನ ಕಡೆ ಹೊರಟರು. ಆಗಲೇ ಮೂರೂವರೆ.

ಅವರ ಹಿಂದೆಯೇ ನಡೆಯುತ್ತ ಹೆಳವನ ಕಥೆ ಹೇಳಿದೆ. ನಮ್ಮ ಹಿರೀಕನೊಬ್ಬ ಎತ್ತು ಕದ್ದು, ಹೊಡೆತಕ್ಕೆ ಹೆದರಿ ಊರು ಬಿಟ್ಟವನು. ಹೆಳವನ ಹಾಡು ಆ ಭಾಗಕ್ಕೆ ಬಂದಾಗ ನಮ್ಮಪ್ಪ, “ಅದೊಂದು ಬಿಡಪ್ಪ, ಇನ್ನೊಂದು ಮೊರ ರಾಗಿ ಹಾಕ್ತೀನಿ,” ಎಂದಿದ್ದರು. ಹೆಳವ ರಾಗಿಯನ್ನು ಚೀಲಕ್ಕೆ ಸುರಿದುಕೊಂಡು, “ಆ ಎತ್ತು ಬಿಟ್ರೆ ನೀವು ಈ ಊರಿಗೆ ಬಂದಿದ್ದು ಹೆಂಗೆ ಅಂತ ಹಾಡ್ಲಿ ಗೌಡ್ರೇ?” ಎಂದು ಇಡೀ ಬೀದಿಗೆ ಕೇಳುವಂತೆ ಹಾಡಿದ್ದ.

ರಾಬರ್ಟ್ ನಿಲ್ಲಲಿಲ್ಲ. “ನಿನ್ನೋನು ಕಳ್ಳನಾದ್ರೂ ಸ್ವತಂತ್ರನಾಗಿದ್ದ,” ಎಂದರು.

“ನಿಮ್ಮೋನಿಗೆ ಹದಿನಾಲ್ಕು ವರ್ಷ.”

ನಿಂತರು. “ಎಷ್ಟು?”

“ಹದಿನಾಲ್ಕು. ರೂತ್ ಹೇಳೋಕ್ಕೆ ಮುಂಚೆಯೇ ನೀವು ಫೋನ್ ಇಟ್ರಂತೆ.”

ನನ್ನ ಕಡೆ ತಿರುಗಿದರು. “ನನ್ನನ್ನ ಇಟ್ಟಿಗೆ ಭಟ್ಟಿ ಕೆಲಸಕ್ಕೆ ಹಾಕಿದಾಗ ನಂಗೂ ಅಷ್ಟೇ ವಯಸ್ಸು,” ಎಂದರು. ನನ್ನ ಪೆನ್ನು ಕಸಿದುಕೊಂಡು, ಕೆತ್ತನೆಯ ಮಾದರಿ ಹಾಳೆಯ ಮೇಲೆ ‘ಜಮೀನ್ದಾರ’ ಎಂಬುದನ್ನು ಹೊಡೆದುಹಾಕಿ ಬರೆದರು: ಹದಿನಾಲ್ಕರ ಹುಡುಗ, ಜೀತಕ್ಕೆ ಬಂದವನು. ಬೀಗದ ಕೈ ಹಿಡಿದು ನಿಂತಿದ್ದ ಕಚೇರಿಯ ಹೆಂಗಸು ನಮ್ಮನ್ನು ಒಳಗೆ ಬಿಟ್ಟು, ಎರಡೂ ಸಹಿಯ ಕಾಗದ ತೆಗೆದುಕೊಂಡಳು.

ವಿಮಾನ ನಿಲ್ದಾಣದಲ್ಲಿ ರೂತ್ ಅವರಿಗೆ ಫೋನ್ ಮಾಡಿ ಆ ಸಾಲನ್ನು ಓದಿದೆ. “ಕೆಳಗೆ ಎಷ್ಟು ಜಾಗ ಬಿಟ್ಟಿದ್ದೀಯ?” ಎಂದರು.

“ಒಂದು ಹೆಸರಿಗೆ.”

“ಎರಡಕ್ಕೆ ಬಿಡು. ಅವನಿಗೆ ಈಗಲೇ ಹೇಳ್ಬೇಡ.”

ಇದನ್ನೋದುವ ನಿಮ್ಮ ಮನೆಯವರು ಯಾರಾದರೂ ಈ ದೇಶದಲ್ಲಿ ಮಣ್ಣಾಗಿದ್ದರೆ, ಜಾಗ ಸ್ವಂತದ್ದೋ ಗುತ್ತಿಗೆಯೋ ಇವತ್ತೇ ವಿಚಾರಿಸಿ. ಯಾರ ಯಾರ ಸಹಿ ಬೇಕೆಂದೂ ಕೇಳಿ. ಮೂಲ ಹುಡುಕಿ ಬಂದವರು ಮಾತು ಶುರು ಮಾಡಿದರೆ, ಎಷ್ಟೇ ಸಿಟ್ಟು ಬಂದರೂ ಪೂರ್ತಿ ಕೇಳಿಸಿಕೊಳ್ಳಿ. ಕಲ್ಲಿಗೆ ಅಳತೆ ಕೊಡುವಾಗ ಒಂದು ಹೆಸರಿನಷ್ಟು ಜಾಸ್ತಿಯೇ ಕೊಡಿ. ಆ ಜಾಸ್ತಿ ಕಲ್ಲಿಗೆ ನಾನು ದುಡ್ಡು ಕೇಳಿದೆ. ರೂತ್ ಚೌಕಾಸಿ ಮಾಡಲಿಲ್ಲ.