ವಿಚಾರಣೆಯ ದಿನ ಅಕ್ಕ ಕೊಟ್ಟ ಉತ್ತರ

"ಮನೇಲಿ ಅಡುಗೆ ಯಾರಮ್ಮ ಮಾಡೋದು?" ಎಂದು ವಿಚಾರಣೆಗೆ ಕೂತಿದ್ದ ಅಧಿಕಾರಿ ನನ್ನ ಅಕ್ಕನನ್ನು ಕೇಳಿದರು.

"ನಾನೇ ಸ್ವಾಮಿ. ಎಲ್ಲಾ ಕೆಲ್ಸಾನೂ ನಾನೇ ಮಾಡ್ತೀನಿ" ಎಂದುಬಿಟ್ಟಳು. ಪಕ್ಕದಲ್ಲಿ ಕಾಗದಗಳನ್ನು ಹಿಡಿದು ನಿಂತಿದ್ದ ನಾನು ತಟ್ಟನೆ ಅವಳತ್ತ ತಿರುಗಿದೆ.

ಬಿಕ್ಕೋಡಿನ ಹತ್ತಿರ ಕಾಫಿ ಹಣ್ಣು ಸುಲಿಯುವ ಯಂತ್ರಕ್ಕೆ ಸಿಕ್ಕಿದ ಅವಳ ಬಲಗೈಯಲ್ಲಿ ಈಗ ಹಿಡಿತವೇ ಇಲ್ಲ. ಆದರೂ 'ಕೆಲಸ ಮಾಡಬಲ್ಲರು' ಎಂದು ಅಂಗವಿಕಲರ ಮಾಸಾಶನದ ಅರ್ಜಿ ತಿರಸ್ಕೃತವಾಗಿತ್ತು. ಮೇಲ್ಮನವಿ ಬರೆದವಳು ನಾನೇ. ಜಡೆ ಹಾಕಿಕೊಳ್ಳಲು ಆಗುವುದಿಲ್ಲ, ಸೊಪ್ಪು ಹೆಚ್ಚಲು ಆಗುವುದಿಲ್ಲ, ಮುದ್ದೆ ಕಟ್ಟಲು ಆಗುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಎರಡು ವಾರ ಹೇಳಿಕೊಟ್ಟಿದ್ದೆ. ಅವಳು ತಲೆ ತಗ್ಗಿಸಿಕೊಂಡು ಒಪ್ಪಿಸುತ್ತಿದ್ದಳು.

ಹೊರಗೆ ಬಂದ ಮೇಲೆ, ನಮ್ಮ ಜೊತೆ ಬಂದಿದ್ದ ಭಾವ ಆಟೊ ಕರೆಯಲು ಹೋದಾಗ, "ಯಾಕಕ್ಕ ಹಂಗಂದೆ?" ಎಂದು ರೇಗಿದೆ.

"ನಿಮ್ ಭಾವ ಹಿಂದೇನೇ ನಿಂತಿದ್ರಲ್ಲೇ. ಕೈಲಾಗ್ದೋಳು ಅಂತ ನನ್ ಬಾಯಾರೆ ಹೆಂಗ್ ಹೇಳ್ಲಿ? ಅವ್ರಿಗೆ ಇನ್ನೊಂದು ಮದ್ವೆ ಮಾಡೋ ಮಾತು ಮನೇಲಿ ಆಗ್ಲೇ ಐತೆ ಕಣೇ" ಎಂದಳು.

ಮೇಲ್ಮನವಿ ವಜಾ ಆಯಿತು. ಅಧಿಕಾರಿ ಏನೇನು ಕೇಳಬಹುದೆಂದು ಹುಡುಕಿ ಹುಡುಕಿ ಬರೆದುಕೊಂಡಿದ್ದ ನಾನು, ಆ ಮನೆಯಲ್ಲಿ ಹೇಗಿದ್ದೀಯ ಎಂದು ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ.